ಕತ್ತರಿ, ಕಾಗದ, ಸೌರಮಂಡಲ

ಪರಊರಿನಲ್ಲಿ ನೆಲಸಿದ ನಮ್ಮ ಕುಟುಂಬಗಳಲ್ಲಿ ಒಂದು ವಿಚಿತ್ರವಾದ ಪಾಲುಪಟ್ಟಿ ನಡೆದುಹೋಗಿದೆ. ಊಟ, ತಿಂಡಿ, ಮುದ್ದು, ಗದರಿಕೆ ಇವೆಲ್ಲ ಕನ್ನಡದ ಪಾಲಿಗೆ; ಗಣಿತ, ವಿಜ್ಞಾನ, ಭೂಗೋಳಗಳು ಇಂಗ್ಲಿಷಿನ ಪಾಲಿಗೆ. ಆರನೆಯ ಏಳನೆಯ ತರಗತಿಗೆ ಬರುವ ಹೊತ್ತಿಗೆ ಮಕ್ಕಳ ಮನಸ್ಸಿನಲ್ಲಿ ಒಂದು ಎಣಿಕೆ ಬೇರೂರಿಬಿಡುತ್ತದೆ: ಕನ್ನಡ ಅಡಿಗೆಮನೆಯ ಮಾತು, ತಿಳಿವಳಿಕೆಯ ಮಾತು ಬೇರೆ. ಈ ಎಣಿಕೆಯನ್ನು ಬೈದು ಓಡಿಸಲಾಗದು. ದೊಡ್ಡದೊಂದು ವಿಷಯವನ್ನು ಅವರ ಜೊತೆ ಕೂತು, ಕನ್ನಡದಲ್ಲೇ ಮಾತನಾಡುತ್ತ, ಕೈಯಾರೆ ಮಾಡಿ ತೋರಿಸಿದರೆ ಅದು ತಾನಾಗಿ ಸಡಿಲವಾದೀತು.

ಅಂಥ ವಿಷಯವೆಂದು ಈ ಸಲ ನಾವು ಸೌರಮಂಡಲವನ್ನು ಆರಿಸಿಕೊಂಡಿದ್ದೇವೆ. ಬೇಕಾದ ಸಾಮಾನು ಹಳೆಯ ಪತ್ರಿಕೆ, ರಟ್ಟು, ಕತ್ತರಿ, ಕೈವಾರ, ದಾರ, ಮೈದಾಹಿಟ್ಟಿನ ಅಂಟು. ಖರ್ಚು ಹೆಚ್ಚಿಲ್ಲ, ಆದರೆ ಒಂದು ಭಾನುವಾರ ಮಧ್ಯಾಹ್ನ ಹಿರಿಯರೂ ನೆಲದ ಮೇಲೆ ಕೂರಬೇಕು.

ಮೊದಲು ಹೆಸರುಗಳು. ವಾರದ ಹೆಸರು ಬಲ್ಲ ಮಗುವಿಗೆ ಅರ್ಧ ಪಾಠ ಬಂದಂತೆಯೇ. ಭಾನು ಎಂದರೆ ಸೂರ್ಯ, ಸೋಮ ಎಂದರೆ ಚಂದ್ರ. ಆಮೇಲೆ ಮಂಗಳ, ಬುಧ, ಗುರು, ಶುಕ್ರ, ಶನಿ. ಬರಿಗಣ್ಣಿಗೆ ಎದ್ದು ಕಾಣುವ ಐದು ಗ್ರಹಗಳೂ ವಾರದಲ್ಲೇ ಸಿಕ್ಕಿಬಿಟ್ಟವು. ಮರಾಠಿ, ಹಿಂದಿ, ತೆಲುಗು ಗೆಳೆಯರ ವಾರಗಳಲ್ಲಿಯೂ ಬಹುಮಟ್ಟಿಗೆ ಇವೇ ಹೆಸರುಗಳು. ಚೆನ್ನೈಯ ಮಗು ಗುರುವಾರವನ್ನು ‘ವ್ಯಾಳನ್’ ಎಂದು ಕೇಳಿರುತ್ತದೆ. ಅದೂ ಗುರುಗ್ರಹದ ಹೆಸರೇ. ಯುರೇನಸ್ಸಿಗೂ ನೆಪ್ಚೂನಿಗೂ ವಾರವೇಕಿಲ್ಲ ಎಂದು ಮಗು ಕೇಳಿದರೆ ಸಂತೋಷಪಡಿ. ಅವು ದೂರದರ್ಶಕ ಬಂದ ಮೇಲೆ ಸಿಕ್ಕವು: ಒಂದು ೧೭೮೧ರಲ್ಲಿ, ಇನ್ನೊಂದು ೧೮೪೬ರಲ್ಲಿ. ಹಾಗಾದರೆ ಭೂಮಿಗೇಕಿಲ್ಲ? ತಾನು ನಿಂತ ನೆಲವನ್ನೇ ಒಂದು ಗ್ರಹವೆಂದು ಹಿಂದಿನವರು ಎಣಿಸಲಿಲ್ಲ, ಅಷ್ಟೆ.

ಇನ್ನು ಗಾತ್ರ. ಪಠ್ಯಪುಸ್ತಕದ ಚಿತ್ರದಲ್ಲಿ ಎಂಟು ಗ್ರಹಗಳೂ ಮದುವೆಯ ಪಂಕ್ತಿಯಲ್ಲಿ ಕೂತವರಂತೆ ಒತ್ತೊತ್ತಾಗಿ ಕೂತಿರುತ್ತವೆ. ಪುಸ್ತಕದವರ ತಪ್ಪಲ್ಲ, ಪುಟಕ್ಕೆ ಅಷ್ಟೇ ಜಾಗ. ನಮಗೆ ಮನೆಯ ನೆಲವಿದೆ. ಭೂಮಿಯ ಅಡ್ಡಳತೆ ೧ ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. ಶುಕ್ರ ಅದಕ್ಕಿಂತ ಒಂದು ಕೂದಲೆಳೆ ಚಿಕ್ಕದು. ಮಂಗಳ ಸುಮಾರು ೫ ಮಿಲಿಮೀಟರ್. ಆಫೀಸಿನ ಪಂಚಿಂಗ್ ಯಂತ್ರದಿಂದ ಉದುರುವ ಚೂರು ಸಾಕು. ಬುಧ ೪ ಮಿಲಿಮೀಟರಿಗೆ ತುಸು ಕಡಿಮೆ. ಗುರುವಿಗೆ ೧೧ ಸೆಂಟಿಮೀಟರ್, ಶನಿಗೆ ೯ಕ್ಕೆ ತುಸು ಹೆಚ್ಚು, ಯುರೇನಸ್ಸಿಗೂ ನೆಪ್ಚೂನಿಗೂ ಹತ್ತಿರ ಹತ್ತಿರ ೪.

ಶನಿಯ ಬಳೆಗಳನ್ನೂ ಕತ್ತರಿಸಿ: ಹೊರ ಅಂಚು ೨೧ ಸೆಂಟಿಮೀಟರ್, ಒಳ ಅಂಚು ೧೨. ಎಷ್ಟು ತೆಳುವಾದ ಕಾಗದ ತಂದರೂ ಈ ಅಳತೆಗೆ ಅದು ದಪ್ಪವೇ. ನಿಜವಾದ ಬಳೆಗಳ ಅಗಲ ಸಾವಿರಾರು ಕಿಲೋಮೀಟರುಗಳು, ದಪ್ಪ ಬಹುಪಾಲು ಕೆಲವು ಹತ್ತು ಮೀಟರುಗಳೊಳಗೇ. ಕಾಗದವೂ ದಪ್ಪವಾಯಿತೆಂದು ಕೇಳಿದ ಮಗು ಶನಿಯನ್ನು ಬಹುಕಾಲ ಮರೆಯುವುದಿಲ್ಲ.

ಸೂರ್ಯನ ಸರದಿಗೆ ಮನೆಯವರೆಲ್ಲ ಸೇರಬೇಕಾಗುತ್ತದೆ. ಈ ಲೆಕ್ಕದಲ್ಲಿ ಅವನ ಅಡ್ಡಳತೆ ೧೦೯ ಸೆಂಟಿಮೀಟರ್. ಮನೆಗೆ ಕನ್ನಡ ಪತ್ರಿಕೆ ಬರುತ್ತಿದ್ದರೆ ಅದರ ನಾಲ್ಕಾರು ಹಾಳೆ ಬಿಡಿಸಿ ಅಂಟಿಸಿ, ನಡುವೆ ದಾರದ ಒಂದು ತುದಿ ಒತ್ತಿ ಹಿಡಿದು, ೫೪ವರೆ ಸೆಂಟಿಮೀಟರ್ ದೂರದಲ್ಲಿ ಪೆನ್ಸಿಲು ಕಟ್ಟಿ ಸುತ್ತಿಸಿ. ಕತ್ತರಿಸಿ ಗೋಡೆಗೆ ತೂಗುಹಾಕಿ ಪಕ್ಕದಲ್ಲಿ ಭೂಮಿಯನ್ನು ಹಿಡಿದರೆ ಯಾರೂ ಏನೂ ವಿವರಿಸಬೇಕಾಗಿಲ್ಲ.

ಈಗ ಚಂದ್ರ. ಸಾಸಿವೆಗಿಂತ ತುಸು ದೊಡ್ಡ ಚುಕ್ಕೆಯೊಂದನ್ನು ಕೊಟ್ಟು, “ಭೂಮಿಯಿಂದ ಎಷ್ಟು ದೂರ ಇಡುತ್ತೀಯಪ್ಪ?” ಎಂದು ಕೇಳಿ. ಮಕ್ಕಳೇಕೆ, ದೊಡ್ಡವರೂ ಹತ್ತಿರದಲ್ಲೇ ಇಡುತ್ತಾರೆ. ಸರಿಯಾದ ಜಾಗ ೩೦ ಸೆಂಟಿಮೀಟರ್ ಆಚೆ, ಶಾಲೆಯ ಅಳತೆಪಟ್ಟಿಯಷ್ಟು. ಸೂರ್ಯನನ್ನಂತೂ ೧೧೭ ಮೀಟರ್ ದೂರ, ಬೀದಿಯ ಕೊನೆಗೆ ಒಯ್ಯಬೇಕು. ನೆಪ್ಚೂನ್ ಆ ಸೂರ್ಯನಿಂದ ಮೂರೂವರೆ ಕಿಲೋಮೀಟರ್. ಮುಂಬಯಿಯ ಲೋಕಲ್ ರೈಲಿನಲ್ಲಾದರೆ ಎರಡು ಮೂರು ಸ್ಟೇಷನ್ನುಗಳ ದಾರಿ!

ಅಷ್ಟು ದೂರ ಹೋಗಲಾರದವರಿಗೆ ಇನ್ನೊಂದು ಉಪಾಯ. ಅಂಗಡಿಯ ಬಿಲ್ಲಿನ ರೋಲಿನಿಂದ ಒಂದು ಮೀಟರ್ ಉದ್ದದ ಪಟ್ಟಿ ಹರಿದುಕೊಳ್ಳಿ. ಒಂದು ತುದಿ ಸೂರ್ಯ, ಇನ್ನೊಂದು ತುದಿ ಪ್ಲೂಟೋ. ೧೯೩೦ರಲ್ಲಿ ಸಿಕ್ಕ ಪ್ಲೂಟೋವನ್ನು ೨೦೦೬ರಲ್ಲಿ ಕುಬ್ಜಗ್ರಹಗಳ ಸಾಲಿಗೆ ಸೇರಿಸಿದರು. ಒಂಬತ್ತು ಗ್ರಹವೆಂದು ಬಾಯಿಪಾಠ ಮಾಡಿದ ತಾಯಿತಂದೆಯರು ಗಮನಿಸಬೇಕು. ಇಲ್ಲಿ ಅದು ಗಡಿಕಲ್ಲು ಮಾತ್ರ. ಪಟ್ಟಿಯನ್ನು ಅರ್ಧಕ್ಕೆ ಮಡಿಸಿದರೆ ನಡುವೆ ಯುರೇನಸ್. ಯುರೇನಸ್ ಪ್ಲೂಟೋಗಳ ನಡುವೆ ಮಡಿಸಿದರೆ ನೆಪ್ಚೂನ್. ಸೂರ್ಯನಿಂದ ಯುರೇನಸ್ಸಿನವರೆಗಿನ ಅರ್ಧದಲ್ಲಿ ಶನಿ, ಅದರ ಅರ್ಧದಲ್ಲಿ ಗುರು, ಇನ್ನೂ ಅರ್ಧದಲ್ಲಿ ಕ್ಷುದ್ರಗ್ರಹಗಳ ಗುಂಪು. ಕರಾರುವಾಕ್ಕಾದ ಲೆಕ್ಕವಲ್ಲ, ಆದರೂ ನಿಜಕ್ಕೆ ಬಲು ಹತ್ತಿರ. ಮುಂದೆ ಮಡಿಸಲು ಜಾಗ ಸಾಲದು. ಅಳತೆಪಟ್ಟಿ ಹಿಡಿದು ಸೂರ್ಯನಿಂದ ೧ ಸೆಂಟಿಮೀಟರಿಗೆ ಬುಧ, ೨ಕ್ಕೆ ತುಸು ಒಳಗೆ ಶುಕ್ರ, ೨.೫ಕ್ಕೆ ಭೂಮಿ, ೪ಕ್ಕೆ ತುಸು ಒಳಗೆ ಮಂಗಳ ಬರೆಯಿಸಿ. ಈ ಪಟ್ಟಿಯಲ್ಲಿ ಸೂರ್ಯನೇ ಕಾಲು ಮಿಲಿಮೀಟರಿನ ಚುಕ್ಕೆ, ಗ್ರಹಗಳು ಕಣ್ಣಿಗೇ ಕಾಣವು ಎಂಬುದನ್ನೂ ಹೇಳಬೇಕು; ಇಲ್ಲದಿದ್ದರೆ ಹೊಸ ತಪ್ಪು ಕಲಿಸಿದಂತಾದೀತು. ಹೆಸರುಗಳನ್ನು ಮಗುವೇ ಕನ್ನಡದಲ್ಲಿ ಬರೆಯಲಿ. ಒತ್ತಕ್ಷರ ಎಡವಿದರೆ ಅಂದು ಮಾತ್ರ ಸುಮ್ಮನಿರೋಣ.

ಕೊನೆಯ ಕೆಲಸ ಅಜ್ಜಿ ತಾತಂದಿರ ಜೊತೆ. ಪಂಚಾಂಗ ನೋಡುವ ಅಜ್ಜಿ ರಾಹು ಕೇತು ಎನ್ನುತ್ತಾರೆ. ಪುಸ್ತಕದಲ್ಲಿ ಅವಿಲ್ಲವೆಂದು ಮೊಮ್ಮಗ ನಗುತ್ತಾನೆ. ಇಬ್ಬರನ್ನೂ ಕೂರಿಸಿಕೊಳ್ಳಿ. ರಟ್ಟಿನ ಎರಡು ಬಳೆ ಮಾಡಿ, ಒಂದರೊಳಗೊಂದು ಕೂರುವಂತೆ. ಎದುರುಬದುರಾಗಿ ಎರಡು ಕಡೆ ದಾರದಿಂದ ಗಂಟು ಹಾಕಿ, ಒಳಬಳೆಯನ್ನು ಐದು ಡಿಗ್ರಿಯಷ್ಟು ವಾರೆ ಮಾಡಿ. ನಡುವೆ ನಾವು ನಿಂತಿದ್ದೇವೆಂದು ಭಾವಿಸಿ. ಹೊರಬಳೆ ನಕ್ಷತ್ರಗಳ ನಡುವೆ ಸೂರ್ಯ ಸಾಗುವಂತೆ ಕಾಣುವ ದಾರಿ, ಒಳಬಳೆ ಚಂದ್ರನ ದಾರಿ. ಆ ಎರಡು ಗಂಟುಗಳೇ ರಾಹು ಮತ್ತು ಕೇತು. ಅಮಾವಾಸ್ಯೆಯೋ ಹುಣ್ಣಿಮೆಯೋ ಗಂಟಿನ ಹತ್ತಿರ ಒದಗಿದರೆ ಗ್ರಹಣ. ಉಳಿದ ತಿಂಗಳುಗಳಲ್ಲಿ ಚಂದ್ರ ಮೇಲೋ ಕೆಳಗೋ ಹಾದುಹೋಗುತ್ತಾನೆ. ಪ್ರತಿ ಅಮಾವಾಸ್ಯೆಗೂ ಗ್ರಹಣ ಏಕಿಲ್ಲವೆಂಬ ಪ್ರಶ್ನೆಗೆ ಇದಕ್ಕಿಂತ ಸುಲಭವಾದ ಉತ್ತರ ನಮಗೆ ತಿಳಿಯದು.

೧೯೮೦ರ ಫೆಬ್ರವರಿ ೧೬ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಯಿತು. ಆ ಸೀಮೆಯ ಹಿರಿಯರು ಮನೆಯಲ್ಲಿದ್ದರೆ, ಅಂದು ಏನು ಕಂಡರು, ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದರೋ ಹೇಗೆ, ಎಂದು ಬಳೆ ಕಟ್ಟುತ್ತಲೇ ಮಗು ಕೇಳಲಿ. ಆ ಮಾತುಕತೆ ನಡೆಯುವುದು ಕನ್ನಡದಲ್ಲಿಯೇ. ವಿಷಯ ಮಾತ್ರ ಅಡಿಗೆಮನೆಯದಲ್ಲ.

ಮಡಿಸಿದ ಪಟ್ಟಿಯನ್ನು ವಿಜ್ಞಾನದ ಪುಸ್ತಕದಲ್ಲೇ ಇಟ್ಟುಕೊಳ್ಳಲಿ. ಸೂರ್ಯನನ್ನೂ ಬಳೆಗಳನ್ನೂ ಸಂಘದ ಮುಂದಿನ ಕೂಟಕ್ಕೆ ತನ್ನಿ. ವೇದಿಕೆಯ ಹಿಂದಿನ ಗೋಡೆ ಖಾಲಿಯಿದೆ. ನಾಲ್ಕಾರು ಸೂರ್ಯರಿಗೆ ಧಾರಾಳವಾಗಿ ಸ್ಥಳವಿದೆ.