ಮಣ್ಣು ಮಾಡಲು ಸಾಲವಿಲ್ಲ, ತಿಥಿಗೆ ಸಾಲ!

ಹನಗೋಡು: ಮಗಳ ಮದುವೆ ಮಾಡೋನು ಆರು ತಿಂಗಳು ಮುಂಚೆಯೇ ಲೆಕ್ಕ ಹಾಕುತ್ತಾನೆ. ಚಪ್ಪರಕ್ಕೆ ಇಷ್ಟು, ಊಟಕ್ಕೆ ಇಷ್ಟು, ಬರೋ ಮುಯ್ಯಿ ಇಷ್ಟು ಅಂತ. ಸಾವು ಹಾಗಲ್ಲ. ಅದು ಹೇಳಿ ಬರೋದಿಲ್ಲ, ಹೊಗೆಸೊಪ್ಪಿನ ಹರಾಜು ಮುಗಿಯಲಿ ಅಂತ ಕಾಯೋದೂ ಇಲ್ಲ.

ಈ ಸೀಮೆಯ ಬೆಳೆಗಾರನ ಕೈಗೆ ಕಾಸು ಬರುವುದು ಕಟ್ಟೆಮಳಲವಾಡಿ, ಚಿಲ್ಕುಂದದ ಹರಾಜು ಮಾರುಕಟ್ಟೆಯಲ್ಲಿ ಬೇಲು ಮಾರಿದ ಮೇಲೆ. ಅಂದರೆ ಮಳೆಗಾಲ ಕಳೆದ ಮೇಲೆ. ಅಲ್ಲಿವರೆಗೆ ನಾಟಿ, ಗೊಬ್ಬರ, ಕೂಲಿ, ಬ್ಯಾರನ್ನಿಗೆ ಸೌದೆ ಎಂದು ಕೈಯಿಂದ ಹೋಗುವುದೇ ಹೊರತು ಬರುವುದು ಇಲ್ಲ. ಆಷಾಢ ಶ್ರಾವಣದಲ್ಲಿ ಮನೆಯ ಹಿರಿಯರು ಕಣ್ಣು ಮುಚ್ಚಿದರೆ ಬಡ್ಡಿಯವರ ಬಾಗಿಲು ತಟ್ಟಬೇಕು, ಇಲ್ಲವೇ ದಿನಸಿ ಅಂಗಡಿಯವರ ಪುಸ್ತಕದಲ್ಲಿ ಹೊಸ ಪುಟ ತೆರೆಯಬೇಕು. ಆ ಪುಟ ಎಷ್ಟು ಕಾಲ ತೆರೆದೇ ಇರುತ್ತದೆ ಎಂಬುದು ಅಂಗಡಿಯವರಿಗೆ ಚೆನ್ನಾಗಿ ಗೊತ್ತು.

ಇದನ್ನೆಲ್ಲ ಹಣೆಬರಹ ಎಂದು ಬಿಟ್ಟುಬಿಡುವಂತಿಲ್ಲ. ಲೆಕ್ಕ ಬಿಡಿಸಿ ನೋಡಿದರೆ ಸಾಲ ಎಲ್ಲಿ ಹುಟ್ಟುತ್ತದೆ ಎಂಬುದು ಕಾಣುತ್ತದೆ.

ಮೊದಲ ದಿನದ ಖರ್ಚು

ಚಟ್ಟಕ್ಕೆ ಬಿದಿರು, ಹೊಸ ಬಟ್ಟೆ, ಹೂವು, ಊದುಬತ್ತಿ, ತಮಟೆಯವರ ಕೂಲಿ, ಗುಂಡಿ ತೋಡಿದವರಿಗೆ ಕೊಡುವುದು. ಮಣ್ಣು ಮಾಡುವವರಿಗೆ ಇಷ್ಟೇ. ಸುಡುವವರಿಗೆ ಸೌದೆ ಬೇಕು, ಒಂದು ಹೆಣಕ್ಕೆ ಸುಮಾರು 300ರಿಂದ 500 ಕೆ.ಜಿ. ನಾಗರಹೊಳೆ ಕಾಡು ಮಗ್ಗುಲಲ್ಲೇ ಇದ್ದರೂ ಅದು ರಾಷ್ಟ್ರೀಯ ಉದ್ಯಾನ, ಅಲ್ಲಿಂದ ಕಡ್ಡಿ ತರುವಂತಿಲ್ಲ. ಆದರೆ ಬ್ಯಾರನ್ ಇರುವ ಊರಲ್ಲಿ ಒಣ ಸೌದೆ ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ. ಮನೆಗೊಂದು ಹೊರೆ ಕೊಟ್ಟರೆ ಯಾರಿಗೂ ಭಾರವಲ್ಲ.

ಈ ದಿನ ಕೈ ಸುಡುವುದು ಬೇರೆಯದು, ವಾಹನ. ಮೈಸೂರಿನ ಆಸ್ಪತ್ರೆಯಲ್ಲಿ ಪ್ರಾಣ ಹೋದರೆ ಹುಣಸೂರಿಗೇ 45 ಕಿ.ಮೀ., ಹನಗೋಡು ಅದಕ್ಕೂ ಆಚೆ. 108 ಆಂಬ್ಯುಲೆನ್ಸ್ ಇರುವುದು ರೋಗಿಗೆ, ಹೆಣ ಸಾಗಿಸಲು ಅಲ್ಲ. ಅಳುತ್ತಾ ನಿಂತವರ ಹತ್ತಿರ ಬಾಡಿಗೆ ಮಾತಾಡೋನು ತನಗೆ ತೋಚಿದ್ದು ಹೇಳುತ್ತಾನೆ. ದುಃಖದಲ್ಲಿರುವ ಮಗನೇ ಹೋಗಿ ಚೌಕಾಸಿ ಮಾಡುವುದು ಆಗದ ಮಾತು. ಆ ಕೆಲಸ ನೆಂಟರಲ್ಲೋ ನೆರೆಯವರಲ್ಲೋ ಗಟ್ಟಿ ಬಾಯಿಯವರೊಬ್ಬರು ವಹಿಸಬೇಕು. ಆಸ್ಪತ್ರೆಯದೇ ಶವವಾಹನ ಇದೆಯೇ ಎಂದು ಒಳಗೆ ಮೊದಲು ಕೇಳಬೇಕು. ಇಲ್ಲದಿದ್ದರೆ ಹೊರಗೆ ಎರಡು ಮೂರು ಕಡೆ ವಿಚಾರಿಸಿ, ಹೋಗಿಬರುವುದು, ಕಾಯುವುದು, ಡ್ರೈವರ್ ಭತ್ಯೆ ಎಲ್ಲ ಸೇರಿ ಎಷ್ಟು ಎಂದು ಗಾಡಿ ಹೊರಡುವ ಮುಂಚೆಯೇ ತೀರ್ಮಾನ ಮಾಡಬೇಕು.

ಹನ್ನೊಂದನೇ ದಿನ

ಮೂರನೇ ದಿನ ಹಾಲು ತುಪ್ಪ ಬಿಡುವುದರಲ್ಲಿ ಯಾರೂ ಮನೆ ಕಳಕೊಂಡಿಲ್ಲ. ಕಳಕೊಳ್ಳುವುದು ತಿಥಿಯಲ್ಲಿ. ಬಾಡೂಟಕ್ಕೆ 300 ಜನ ಎಂದು ಹಿಡಿಯಿರಿ. ತಲೆಗೆ 150 ಗ್ರಾಂ ಎಂದರೂ 45 ಕೆ.ಜಿ. ಮಟನ್. ಕೆ.ಜಿ.ಗೆ 700 ರೂ. ಎಂದು ಕೈ ಹಿಡಿದು ಲೆಕ್ಕ ಹಾಕಿದರೂ 31,500 ರೂ. ಇನ್ನು ಅಕ್ಕಿ, ರಾಗಿ, ಎಣ್ಣೆ, ಮಸಾಲೆ, ಶಾಮಿಯಾನ, ಪಾತ್ರೆ ಬಾಡಿಗೆ, ಅಡಿಗೆಯವರ ಕೂಲಿ ಬೇರೆ. ಅದೇ ಊಟ ಹತ್ತಿರದ ನೆಂಟರು, ಹೆಣ ಹೊತ್ತವರು, ಗುಂಡಿ ತೋಡಿದವರು ಎಂದು 50 ಜನಕ್ಕೆ ನಿಂತರೆ ಮಟನ್ ಏಳೂವರೆ ಕೆ.ಜಿ., 5,250 ರೂ. ಎಡೆ ಇಡುವುದಕ್ಕೆ ಏನೂ ಕಮ್ಮಿಯಾಗುವುದಿಲ್ಲ.

ಸಾವಿನ ದಿನ ಯೋಚನೆಗೆ ಹೊತ್ತಿಲ್ಲ, ಸರಿ. ತಿಥಿಗೆ ಹತ್ತು ದಿನ ಇರುತ್ತದೆ. ಆದರೂ ಸಾಲ ಆಗುವುದು ಆಗಲೇ. ಕಾರಣ ಒಂದೇ, ಆಡಿಕೊಳ್ಳೋರ ಬಾಯಿ. ರಾಮ್ ರೆಡ್ಡಿಯವರ ‘ತಿಥಿ’ ಸಿನಿಮಾ (2015) ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರನ್ನೇ ಹಾಕಿಕೊಂಡು ತೆಗೆದದ್ದು. ತಾತ ಸೆಂಚುರಿಗೌಡನ ಹನ್ನೊಂದನೇ ದಿನದ ಊಟಕ್ಕಾಗಿ ಮೊಮ್ಮಗ ತಮ್ಮಣ್ಣ ಪಡುವ ಪಾಡನ್ನು ಜನ ನಗುತ್ತಾ ನೋಡಿದರು. ಹನಗೋಡು ಹೋಬಳಿಯಲ್ಲಿ ಅಂಥ ತಮ್ಮಣ್ಣಂದಿರು ಇಲ್ಲವೇ?

2021ರ ಲಾಕ್‌ಡೌನ್‌ನಲ್ಲಿ ಶವಸಂಸ್ಕಾರಕ್ಕೆ 5 ಜನಕ್ಕಿಂತ ಹೆಚ್ಚು ಸೇರಬಾರದೆಂದು ಸರಕಾರ ನಿಯಮ ಮಾಡಿತ್ತು. ಮುಖ ನೋಡಲಾಗದ ನೋವು ಎಷ್ಟೋ ಮನೆಗಳಲ್ಲಿ ಇನ್ನೂ ಆರಿಲ್ಲ. ಆದರೆ ಊಟ ಹಾಕಲಿಲ್ಲ ಎಂದು ಆ ವರ್ಷ ಸತ್ತವರಿಗೆ ಸದ್ಗತಿ ಸಿಗಲಿಲ್ಲ ಎನ್ನುವವರು ಯಾರಿದ್ದಾರೆ?

ಬರಬೇಕಾದ ಹಣ

ಬಿ.ಪಿ.ಎಲ್. ಕುಟುಂಬಗಳಿಗೆಂದು ಕಂದಾಯ ಇಲಾಖೆ ಅಂತ್ಯಸಂಸ್ಕಾರ ಸಹಾಯಧನದ ಯೋಜನೆ ತಂದಿತು. ಮೊದಲು 1,000 ರೂ. ಇದ್ದದ್ದು ಆಮೇಲೆ 5,000 ರೂ. ಆಯಿತು. ಆದರೆ ಅನುದಾನವಿಲ್ಲದೆ ಅರ್ಜಿಗಳು ಕೊಳೆತದ್ದೂ ಇದೆ. ಆದ್ದರಿಂದ ನಾಡಕಚೇರಿಯಲ್ಲಿ ಈಗಿನ ಸ್ಥಿತಿ ಕೇಳಿಕೊಳ್ಳಬೇಕು, ಅದನ್ನು ನಂಬಿ ಸಾಲ ಮಾಡಬಾರದು.

ನೋಂದಾಯಿತ ಕಟ್ಟಡ ಕಾರ್ಮಿಕರು ಸತ್ತರೆ ಕಲ್ಯಾಣ ಮಂಡಳಿಯಿಂದ ಅಂತ್ಯಕ್ರಿಯೆಗೆ 4,000 ರೂ., ಅದರ ಮೇಲೆ ಅನುಗ್ರಹ ಧನ. ಫ್ಯಾಕ್ಟರಿ ಕೆಲಸದಲ್ಲಿದ್ದು ಇ.ಎಸ್.ಐ. ಕಟ್ಟುತ್ತಿದ್ದವರಾದರೆ ಸಂಸ್ಕಾರಕ್ಕೆ 15,000 ರೂ.ವರೆಗೆ. ತಂಬಾಕು ಮಂಡಳಿಯ ಬೆಳೆಗಾರರ ಕಲ್ಯಾಣ ಯೋಜನೆಯ ಸದಸ್ಯರ ಮನೆಯವರು ಹರಾಜು ಮಾರುಕಟ್ಟೆಯ ಕಚೇರಿಯಲ್ಲಿ ವಿಚಾರಿಸಬೇಕು. ಬ್ಯಾಂಕ್ ಪಾಸ್‌ಬುಕ್ಕನ್ನೂ ಒಮ್ಮೆ ತಿರುವಿ ಹಾಕಬೇಕು. ವರ್ಷಕ್ಕೆ 436 ರೂ. ಕಡಿತವಾಗಿದ್ದರೆ ಅದು ಜೀವನಜ್ಯೋತಿ ವಿಮೆ, 55 ವರ್ಷದೊಳಗಿನವರಿಗೆ 2 ಲಕ್ಷ ರೂ. ಕಡಿತ 20 ರೂ. ಆಗಿದ್ದರೆ ಅಪಘಾತ ವಿಮೆ, ಅದೂ 2 ಲಕ್ಷ. ಹಣ ಕಡಿತವಾಗಿರುವುದು ಗೊತ್ತೇ ಇಲ್ಲದೆ ಸುಮ್ಮನೆ ಕೂರುವವರು ಕಮ್ಮಿಯಿಲ್ಲ.

ಇದೆಲ್ಲಕ್ಕೂ ಬೇಕಾದ್ದು ಮರಣ ಪತ್ರ. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ತಿಥಿ ಮುಗಿಯಲಿ, ಆಮೇಲೆ ನೋಡೋಣ ಎಂದವರು ತಿಂಗಳುಗಟ್ಟಲೆ ಅಲೆಯುತ್ತಾರೆ.

ಆರಡಿ ಜಾಗ

ಜಮೀನು ಇರೋನಿಗೆ ಬದುವಿನ ಪಕ್ಕ ಜಾಗ ಇದೆ. ಇಲ್ಲದವನಿಗೆ? ಸ್ಮಶಾನವಿಲ್ಲದ ಊರುಗಳಿಗೆ ಜಾಗ ಒದಗಿಸಬೇಕೆಂದು 2019ರಲ್ಲಿ ರಾಜ್ಯ ಹೈಕೋರ್ಟ್ ಆದೇಶ ಮಾಡಿತು. ಅದು ಪೂರ್ತಿ ಜಾರಿಯಾಗದೆ 2022ರಲ್ಲಿ ನ್ಯಾಯಾಂಗ ನಿಂದನೆಯ ವಿಚಾರಣೆಯೂ ನಡೆಯಿತು. ದಾಖಲೆಯಲ್ಲಿ ಸ್ಮಶಾನ ಇದ್ದರೆ ಸಾಲದು. ಒತ್ತುವರಿ ಇಲ್ಲದ ಜಾಗ, ಮಳೆಯಲ್ಲೂ ಹೋಗಬಲ್ಲ ದಾರಿ, ಒಂದು ತಗಡಿನ ಮಾಡು ಬೇಕು. ಲಕ್ಷ್ಮಣತೀರ್ಥ ತುಂಬಿ ಹರಿಯುವ ದಿನಗಳಲ್ಲಿ ಹೆಣ ಹೊತ್ತು ಒದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು.

ಯಾರು ಮೊದಲು?

ತಿಥಿ ಸಣ್ಣದು ಮಾಡಿ ಎಂದು ಬಡವರಿಗೆ ಬುದ್ಧಿ ಹೇಳುವುದು ಸುಲಭ. ಆದರೆ ಬಡವ ಕಮ್ಮಿ ಮಾಡಿದರೆ ‘ಗತಿ ಇಲ್ಲ, ಅಪ್ಪನಿಗೆ ಒಂದು ಊಟ ಹಾಕಲಿಲ್ಲ’ ಅಂತಾರೆ. ಉಳ್ಳವರು ಕಮ್ಮಿ ಮಾಡಿದರೆ ಅದೇ ಊರಿನ ಪದ್ಧತಿ ಆಗುತ್ತದೆ. ದುಬಾರಿ ತಿಥಿ ಊರಿಗೆ ಬಂದದ್ದು ದೊಡ್ಡ ಮನೆಯ ಅಂಗಳದಿಂದ, ಅದು ಹೋಗಬೇಕಾದ್ದೂ ಅಲ್ಲಿಂದಲೇ. ಊರಿನ ಯಜಮಾನರು ಅರಳಿಕಟ್ಟೆಯಲ್ಲಿ ಕೂತು, ಯಾರ ಮನೆ ತಿಥಿಯಾದರೂ ಇಷ್ಟೇ ಜನ ಎಂದು ಗೊತ್ತುಮಾಡಲಿ. ಸ್ತ್ರೀಶಕ್ತಿ ಸಂಘಗಳು ತಿಂಗಳಿಗೆ ಹತ್ತಿಪ್ಪತ್ತು ರೂಪಾಯಿ ಬೇರೆ ತೆಗೆದಿಟ್ಟು, ಸಾವಿನ ದಿನವೇ ಬಡ್ಡಿಯಿಲ್ಲದೆ ಕೊಡುವ ಏರ್ಪಾಡು ಮಾಡಲಿ. ಮೊದಲ ಸಣ್ಣ ತಿಥಿ ಮಾತ್ರ ಯಜಮಾನರ ಮನೆಯದೇ ಆಗಲಿ. ಆಗ ಬಡವನ ಮನೆ ಮುಂದೆ ನಿಂತು ಆಡಿಕೊಳ್ಳುವ ಬಾಯಿ ತಾನಾಗಿ ಮುಚ್ಚೀತು.