ಗೊಡಿನ್‌ನದು ಕರಿಯರ್, ಧಾರಾವಿಯದು ವಲಸೆ

ಉರುಗ್ವೆಯ ಡಿಫೆಂಡರ್ ಡಿಯೆಗೊ ಗೊಡಿನ್ 2007ರಲ್ಲಿ ದುಡಿಮೆಗೆಂದು ಸ್ಪೇನ್‌ಗೆ ಹೋದ. 2014ರಲ್ಲಿ ಬಾರ್ಸಿಲೋನಾದ ಅಂಗಳದಲ್ಲೇ ತಲೆಯಿಂದ ಗೋಲು ಹೊಡೆದು ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಲೀಗ್ ಗೆದ್ದುಕೊಟ್ಟ. ಹೊರದೇಶದಲ್ಲಿದ್ದವನನ್ನೇ ತವರು ನಾಯಕನನ್ನಾಗಿ ಮಾಡಿತು. ದೇಶಕ್ಕಾಗಿ 161 ಪಂದ್ಯ ಆಡಿದ. ಇದನ್ನು ನಾವು ಕರಿಯರ್ ಎನ್ನುತ್ತೇವೆ.

ನನ್ನ ಆಫೀಸು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. ಮಿಠಿ ನದಿ ದಾಟಿದರೆ ಧಾರಾವಿ. ಎಂಟೆಕ್ ಮುಗಿಸಿ ಊರು ಬಿಟ್ಟ ನಾನು ‘ಪ್ರೊಫೆಷನಲ್’. ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಅಲ್ಲಿ ಬಾಡಿಗೆಗಿರುವವನು ‘ವಲಸಿಗ’. ಇಬ್ಬರೂ ಬಂದದ್ದು ಹೊಟ್ಟೆಪಾಡಿಗೇ ಅಲ್ಲವೇ?

ಧಾರಾವಿಯ ಪುನರಭಿವೃದ್ಧಿ ಯೋಜನೆಯಲ್ಲಿ 2000ದ ಜನವರಿ 1ಕ್ಕೆ ಮೊದಲಿನಿಂದ ಇರುವ ದಾಖಲೆಯುಳ್ಳವರಿಗೆ ಅಲ್ಲೇ ಉಚಿತ ಮನೆ. ಆಮೇಲೆ ಬಂದವರು ಧಾರಾವಿಯ ಹೊರಗೆ ಹೋಗಬೇಕು. ಗೊಡಿನ್‌ನಂತೆ 2007ರಲ್ಲಿ ಬಂದವನು ಎಷ್ಟು ದುಡಿದರೂ ಹೊರಗಿನವನೇ. ತಾರೀಕು ನೋಡಿ ಜನರನ್ನು ಅಳೆಯುವುದು ಯಾವ ನ್ಯಾಯ?

ಸರ್ಕಾರವನ್ನಷ್ಟೇ ಬೈದರೆ ಸಾಲದು. ‘ಮುಂಬೈ ಕನ್ನಡಿಗರು’ ಎಂದು ಸಭೆ ನಡೆಸಿ ಶಾಲು ಹೊದಿಸುವ ನಾವು ಅವರ ಮನೆಯ ಬಗ್ಗೆ ಒಂದು ಠರಾವನ್ನಾದರೂ ಮಾಡಿದ್ದೇವೆಯೇ? ಗೋಲು ಹೊಡೆದವನ ಹೆಸರು ಬಾಯಲ್ಲಿರುತ್ತದೆ, ಹಿಂದೆ ನಿಂತು ಕಾಯ್ದವನದು ಮರೆಯುತ್ತದೆ. ಈ ನಗರದ ಡಿಫೆಂಡರುಗಳು ಅವರೇ. ಮುಂದಿನ ಸಭೆಯಲ್ಲಿ ಶಾಲಿಗಿಂತ ಮೊದಲು ಆ ಠರಾವು ಬರಲಿ.