ಬೆಲೆ ಬೇರೆ, ಭದ್ರತೆ ಬೇರೆ

ಮಕ್ಕಳೇ, ಗಣಕಯಂತ್ರಕ್ಕೂ ಮೊಬೈಲಿಗೂ ಕೆಲಸ ಹೇಳಿಕೊಡುವ ಸೂಚನೆಗಳೇ ತಂತ್ರಾಂಶ. ಕೆಲವು ತಂತ್ರಾಂಶಗಳಿಗೆ ಸಾವಿರಾರು ರೂಪಾಯಿ ಕೊಡಬೇಕು. ಕೆಲವು ಉಚಿತ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ದುಡ್ಡು ಕೊಟ್ಟು ಕೊಂಡದ್ದು ಭದ್ರ, ಪುಕ್ಕಟೆ ಸಿಕ್ಕಿದ್ದು ಅಪಾಯ ಎಂದು ಹಲವರು ನಂಬಿದ್ದಾರೆ. ಈ ನಂಬಿಕೆ ಸರಿಯೇ? ನೋಡೋಣ.

2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ಕುತಂತ್ರಾಂಶ ಸುಮಾರು 150 ದೇಶಗಳ ಗಣಕಯಂತ್ರಗಳಿಗೆ ನುಗ್ಗಿತು. ಕಡತಗಳಿಗೆ ಬೀಗ ಹಾಕಿ, ತೆಗೆಯಲು ಹಣ ಕೇಳಿತು. ಅದು ನುಗ್ಗಿದ್ದು ಬೆಲೆ ಕೊಟ್ಟು ಕೊಳ್ಳುವ ‘ವಿಂಡೋಸ್’ ಇದ್ದ ಯಂತ್ರಗಳಿಗೆ! ದೋಷ ಸರಿಪಡಿಸುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಅದೇ ಮಾರ್ಚ್‌ನಲ್ಲಿ ಕೊಟ್ಟಿತ್ತು. ತೇಪೆ ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಈಗ ನಮ್ಮ ಕಲಬುರಗಿ ಜಿಲ್ಲೆಯ ಆಳಂದಕ್ಕೆ ಬನ್ನಿ. ಮತದಾರರ ಪಟ್ಟಿಗೆ ಹೆಸರು ಸೇರಿಸಲು, ಪಟ್ಟಿಯಿಂದ ತೆಗೆಸಲು ಅಂತರಜಾಲದಲ್ಲಿ ಅರ್ಜಿ ಹಾಕಬಹುದು. ಶುಲ್ಕವಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮೊದಲು, ಹೆಸರು ತೆಗೆಯಿರಿ ಎಂದು ಆಳಂದ ಕ್ಷೇತ್ರದಲ್ಲಿ 6,018 ಅರ್ಜಿಗಳು ಬಂದವು. ಅಧಿಕಾರಿಗಳು ಪರಿಶೀಲಿಸಿದಾಗ 24 ಮಾತ್ರ ಸರಿಯಾಗಿದ್ದವು. ಉಳಿದ 5,994 ತಿರಸ್ಕೃತವಾದವು. ಪೊಲೀಸರಿಗೆ ದೂರು ಹೋಯಿತು. ಪರಿಶೀಲಿಸದೇ ಬಿಟ್ಟಿದ್ದರೆ ಸಾವಿರಾರು ಜನ ಮತದ ಹಕ್ಕು ಕಳೆದುಕೊಳ್ಳುತ್ತಿದ್ದರು.

ಹಾಗಾದರೆ ಇಂಥ ಅರ್ಜಿಗೆ ಶುಲ್ಕ ಹಾಕಿದರೆ ಮೋಸ ನಿಲ್ಲುವುದೇ? ಖಂಡಿತ ಇಲ್ಲ. ಮೋಸಗಾರ ಹಣ ಕಟ್ಟಿಯಾನು. ಅಫಜಲಪುರದ, ಜೇವರ್ಗಿಯ ಬಡವನಿಗೆ ಬಾಗಿಲು ಮುಚ್ಚೀತು. ಅರ್ಜಿ ಹಾಕುವವರು ಯಾರೆಂದು ಖಚಿತಪಡಿಸಿಕೊಳ್ಳುವುದೇ ಸರಿಯಾದ ದಾರಿ. 2025ರ ಸೆಪ್ಟೆಂಬರ್‌ನಲ್ಲಿ ಚುನಾವಣಾ ಆಯೋಗ ಇಂಥ ಅರ್ಜಿಗಳಿಗೆ, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿಯ ಪರೀಕ್ಷೆಯನ್ನು ತಂದಿತು. ಈ ಪರೀಕ್ಷೆ ಮೊದಲೇ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಸೇವೆ ಉಚಿತವಾಗಿರಲಿ, ಕಾವಲು ಗಟ್ಟಿಯಾಗಿರಲಿ.

ಕಾವಲಿನಲ್ಲಿ ನಿಮಗೂ ಪಾಲುಂಟು. ಒಂದು ಲೆಕ್ಕ ಮಾಡಿ. 4 ಅಂಕಿಯ ಗುಪ್ತಸಂಖ್ಯೆಯನ್ನು 10,000 ಬಗೆಯಲ್ಲಿ ಬರೆಯಬಹುದು. 6 ಅಂಕಿಯದಾದರೆ 10 ಲಕ್ಷ ಬಗೆ. ಎರಡೇ ಅಂಕಿ ಹೆಚ್ಚಿಸಿದರೆ ಕಳ್ಳನ ಕೆಲಸ ನೂರು ಪಟ್ಟು ಕಷ್ಟ. ನಿಮಗೆ ತಗಲುವ ಖರ್ಚು ಸೊನ್ನೆ! ಆದರೆ ಹುಟ್ಟಿದ ದಿನಾಂಕವನ್ನೇ ಇಟ್ಟರೆ ಈ ಲೆಕ್ಕ ಕೆಲಸಕ್ಕೆ ಬಾರದು. ಅಪ್ಪ ಅವ್ವನ ಮೊಬೈಲಿಗೆ ಬಂದ ಒಟಿಪಿಯನ್ನು, ಕರೆ ಮಾಡಿ ಕೇಳಿದವರು ಬ್ಯಾಂಕಿನವರೇ ಎಂದರೂ ಹೇಳಬಾರದು. ಈ ಮಾತನ್ನು ಇವತ್ತೇ ಮನೆಯವರಿಗೆ ತಿಳಿಸಿ.